ಕೈತಪ್ಪು

ಗ್ರಿಮ್ಸ್‌ಬಿಯಲ್ಲಿ ಮೀನಿನ ಹರಾಜು ಮುಗಿದು
ಕಟ್ಟೆಯನ್ನು ನೀರು ಹೊಡೆದು ತೊಳೆಯುವ ಹೊತ್ತಿಗೆ
ಕೋರ್ಟು ತೆರೆಯುತ್ತದೆ.
ನನ್ನ ಕಡತದಲ್ಲಿ ಒಂದೇ ಹಾಳೆ ಕೆಂಪು.
ಹಳೆಯ ಹೆಸರಿನ ಮೇಲೆ ಗೆರೆ,
ಹೊಸ ಹೆಸರಿನ ಕೆಳಗೆ ಗೆರೆ.
ಹೊಡೆದು ಹಾಕಿದ್ದೂ ಕಾಣುತ್ತಿರಬೇಕು, ಅದು ಇಲ್ಲಿಯ ನಿಯಮ.
ಮತ್ತೆ ತಪ್ಪಿದರೆ ಹಸಿರು ಶಾಯಿ, ಆಮೇಲೆ ನೇರಳೆ.
ಹಳದಿಯವರೆಗೆ ಹೋದವರನ್ನು ನಾನು ಕಂಡಿಲ್ಲ.

ಬೆರಳಚ್ಚು ನನ್ನದೇ.
ಕೈತಪ್ಪು ಅನ್ನಲು ನಾಚಿಕೆ,
ಡೋರೀನ್ ಮಂಬಿಯ ಕೈ ಎದುರಿಗಿರುವಾಗ.

ಐಸ್ ಪುಡಿಮಾಡುವ ಯಂತ್ರ ಅವಳ ಎರಡು ಬೆರಳು ನುಂಗಿದ್ದು
ಒಂದು ಮಾರ್ಚ್ ಒಂಬತ್ತರಂದು.
ಕಾನೂನು ಮೂರು ವರ್ಷ ದೀಪ ಹಚ್ಚಿಕೊಂಡು ಕಾಯುತ್ತದೆ,
ಆಮೇಲೆ ಅಗುಳಿ ಹಾಕಿ ಮಲಗುತ್ತದೆ.
ಇನ್ನಾರು ದಿನ ಇದ್ದಾಗ ದಾವೆ ಹೂಡಿದೆ.
ಪ್ರತಿವಾದಿ: ಕೆಟಲ್‌ವೆಲ್ ಅಂಡ್ ಸನ್ಸ್.
ಇರಬೇಕಿದ್ದದ್ದು ಕೆಟಲ್‌ವೆಲ್ ಕೋಲ್ಡ್ ಸ್ಟೋರ್ಸ್.
ಸನ್ಸ್‌ಗೆ ಒಂದು ಲಾರಿ ಇದೆ, ಒಂದು ಮೊಹರು ಇದೆ,
ಕೆಲಸಕ್ಕೆ ಒಂದು ನರಪಿಳ್ಳೆಯೂ ಇಲ್ಲ.

ಅವರ ಪತ್ರ ನಯವಾಗಿತ್ತು, ಒಂದೇ ಸಾಲು:
'ತಾವು ಹೇಳುವ ಮಹಿಳೆ ನಮಗೆ ಪರಿಚಯವಿಲ್ಲ.'
ಅಷ್ಟರಲ್ಲಿ ಅವಧಿ ಮುಗಿದು ನೂರಾ ಎರಡು ದಿನ.

ಇವತ್ತು ಅವರ ಬ್ಯಾರಿಸ್ಟರ್ ಎದ್ದು ನಿಂತು ಹೇಳಿದ:
'ಗಡುವು ಕಳೆದ ರಾತ್ರಿಯಿಂದ ನನ್ನ ಕಕ್ಷಿದಾರರು
ನೆಮ್ಮದಿಯಾಗಿ ಮಲಗಿದ್ದಾರೆ.
ನಿದ್ದೆಯೂ ಒಂದು ಹಕ್ಕು.
ಹೆಸರು ತಪ್ಪಿದ್ದರೆ ತಿದ್ದಬಹುದು,
ಆಳೇ ತಪ್ಪಿದ್ದರೆ ಕದ ತೆಗೆಯುವಂತಿಲ್ಲ.'

ನ್ಯಾಯಾಧೀಶೆ ಕನ್ನಡಕ ಹಣೆಗೇರಿಸಿದರು.
'ಬರೆಯುವಾಗ ಬರೆದವರ ಮನಸ್ಸಿನಲ್ಲಿ ಯಾರಿದ್ದರು?'

ನನಗೆ ಗೊತ್ತು ಯಾರಿದ್ದರೆಂದು.
ಕ್ಲೀಥಾರ್ಪ್ಸ್‌ಗೆ ಹೋಗುವ ಐದೂ ಹದಿನೇಳರ ಬಸ್ಸು.
ಯಾವುದೋ ಹಳೆಯ ಕಡತದಿಂದ ಹೆಸರು ಎತ್ತಿಟ್ಟಿದ್ದೆ,
ತಟ್ಟೆ ತೊಳೆಯುವವಳು ತಟ್ಟೆಯ ಹೂವು ನೋಡದ ಹಾಗೆ.

ಹೋದ ವಾರ ನಮ್ಮ ಹಿರಿಯರು ನನ್ನ ಹೇಳಿಕೆಯ ಕರಡು ಬರೆದು ಕೊಟ್ಟರು:
'ಆದ್ಯಂತ ನಾನು ಉದ್ದೇಶಿಸಿದ್ದು ಕೋಲ್ಡ್ ಸ್ಟೋರ್ಸನ್ನೇ.'
ಆದ್ಯಂತ.
ಪೆನ್ನು ಆ ಪದದ ಹೊಸ್ತಿಲು ದಾಟಲಿಲ್ಲ.
ಅವರು ಊಟಕ್ಕೆ ಹೋದಾಗ ಮೊದಲ ಭೇಟಿಯ ಟಿಪ್ಪಣಿ ಹುಡುಕಿದೆ.
ಚಹಾದ ಕಲೆ, ನನ್ನದೇ ಕೋಳಿಕಾಲು ಅಕ್ಷರ,
ಅವಳ ಮಾತು ಆಡಿದ ಹಾಗೇ:
'ನೀಲಿ ಗೇಟಿನವರು.
ಸಂಬಳದ ಚೀಟಿ ಮೇಲೆ ಏನೋ ಹೆಸರಿರತ್ತೆ, ನಾನು ಓದಿಲ್ಲ.
ನನ್ನ ಬೆರಳು ಯಾರ ಹತ್ರ ಉಳೀತೋ, ಅವರು.'

ನನ್ನ ಹೇಳಿಕೆ ನಾನೇ ಬರೆದೆ, ಮೂರು ಸಾಲು:
ಬರೆಯುವಾಗ ನಾನು ಯೋಚಿಸಲಿಲ್ಲ.
ಹೇಳುವಾಗ ಅವಳು ಯೋಚಿಸಿದ್ದಳು.
ಟಿಪ್ಪಣಿ ಲಗತ್ತಿಸಿದೆ.
ಹಿರಿಯರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ನ್ಯಾಯಾಧೀಶೆ ಅದನ್ನು ಎರಡು ಸಲ ಓದಿದರು.
'ಊರಲ್ಲಿ ನೀಲಿ ಗೇಟು ಎಷ್ಟಿವೆ?'
ಬ್ಯಾರಿಸ್ಟರ್ ಹಿಂದೆ ತಿರುಗಿ ಪಿಸುಗುಟ್ಟಿ, ಮತ್ತೆ ಮುಂದೆ ತಿರುಗಿ,
'ಒಂದು,' ಎಂದ.

ತಿದ್ದುಪಡಿಗೆ ಅನುಮತಿ. ಖರ್ಚು ನಮ್ಮ ತಲೆಗೆ.
ಈ ಕೆಂಪು ಹೆಸರು ದಾವೆ ಹೂಡಿದ ದಿನವೇ ಇತ್ತೆಂದು
ಎಲ್ಲರೂ ತಿಳಿಯತಕ್ಕದ್ದು.
ಅಕ್ಟೋಬರದ ಶಾಯಿ ಹಿಂದಕ್ಕೆ ನಡೆದು
ಮಾರ್ಚ್ ಮೂರರ ಹಾಳೆಯಲ್ಲಿ ಒಣಗಿತು.
ಆ ಸಂಜೆಯ ಬಸ್ಸಿನಲ್ಲಿ ಕೂತಿದ್ದ ನಾನು
ತಪ್ಪೇ ಮಾಡದವಳಾದೆ, ಕಾನೂನಿನ ಕಣ್ಣಿಗೆ.

ಹೊರಗೆ ಬೆಂಚಿನ ಮೇಲೆ ಡೋರೀನ್,
ಉಣ್ಣೆಯ ಕೈಗವಸು, ಎರಡು ಬೆರಳಿನ ಬಾಯಿಗೆ
ಅಚ್ಚುಕಟ್ಟಾಗಿ ಹೊಲಿಗೆ.
'ಗೆದ್ವಾ?'
'ಇಲ್ಲ. ಕೇಳೋಕೆ ಅವಕಾಶ ಸಿಕ್ಕಿತು.'
'ಇಷ್ಟಕ್ಕೇ ಇಷ್ಟು ದಿನವಾ!'

ಕೆಂಪು ಹಾಳೆಯ ಪ್ರತಿ ಕೈಗೆತ್ತಿಕೊಂಡು
ಗೆರೆ ಎಳೆದ ಹೆಸರನ್ನು ಬೆಳಕಿಗೆ ಹಿಡಿದಳು.
'ಇವರು ಯಾರು?'
'ಯಾರೂ ಅಲ್ಲ.'
'ಪಾಪ,' ಅಂದಳು.
ಹಾಳೆಯನ್ನು ನಾಲ್ಕು ಮಡಿಕೆ ಮಾಡಿ
ಬ್ರೆಡ್ಡಿನ ಪಕ್ಕ ಚೀಲಕ್ಕೆ ತುರುಕಿಕೊಂಡು ಹೊರಟಳು.